ಸೋಮವಾರದ ಒಳಗಿನ ಸಾಲ

"ಹೊಸಾ ಸಾಲ ಎಷ್ಟೈತಿ?" ಎಂದು ವಕೀಲ ಭಾನುಪ್ರಕಾಶ ಕೇಳಿದರು. "ಹಳೇದು ನನ್ನ ಫೈಲಿನಾಗ ಐತಿ. ರಾಜಿ ಆದ ಮ್ಯಾಲ ಮಾಡಿದ್ದು ಹೇಳ್ರಿ."

ಶೇಖರ್ ಮೇಜಿನ ಮೇಲಿನ ಪೇಪರ್‌ವೇಟ್ ನೋಡುತ್ತ ಕುಳಿತಿದ್ದ. ಪಕ್ಕದಲ್ಲಿದ್ದ ಹೆಂಡತಿ ರಜಿತಾ ಉತ್ತರಿಸಿದಳು. "ಎರಡು ಲಕ್ಷ ಅರವತ್ತು ಸಾವಿರ ರೀ. ನಮ್ಮಣ್ಣ ಬೀರಯ್ಯಂದು. ಟಗರು ತಗೊಂಡಿದ್ದು."

"ಅದು ಬ್ಯಾಡ್ರಿ ಸಾರ್," ಶೇಖರ್ ತಲೆಯೆತ್ತಿದ. "ಬಾವನ ಹೆಸರು ಕೋರ್ಟಿನ ಕಾಗದದಾಗ ಬರಬಾರದು."

ಮೂರು ವರ್ಷದ ಹಿಂದೆ ಶೇಖರ್ ಇದೇ ಗದ್ವಾಲದ ಕೋರ್ಟಿನಲ್ಲಿ ಐ.ಪಿ. ಹಾಕಿದ್ದ. ಸಾಲ ತೀರಿಸಲಾಗದವನು ದಿವಾಳಿ ಅರ್ಜಿ ಕೊಟ್ಟರೆ ಈ ಕಡೆ ಹಾಗೆ ಹೇಳುತ್ತಾರೆ. ಮನೆ ಮಕ್ತಲ್‌ನಲ್ಲಿದ್ದರೂ ಅವನ ಗೋದಾಮು ಗದ್ವಾಲದಲ್ಲಿತ್ತು. ಅಲ್ಲಿಂದ ಹೈದರಾಬಾದಿಗೆ ಟಗರು ಕಳಿಸುತ್ತಿದ್ದ. ಒಂದು ದಸರೆಯ ಹೊತ್ತಿಗೆ ಅಲ್ಲಿನ ಏಜೆಂಟ್ ಎಲ್ಲ ಲೋಡುಗಳ ಹಣ ನುಂಗಿ ಫೋನು ಬಂದ್ ಮಾಡಿದ. ಉಳಿದದ್ದು ಮೂವತ್ತು ಲಕ್ಷ ಸಾಲ. ಸಾಲ ಕೊಟ್ಟವರು ಕೋರ್ಟಿನ ಎದುರು ರಾಜಿಗೆ ಒಪ್ಪಿದರು: ರೂಪಾಯಿಗೆ ನಲವತ್ತು ಪೈಸೆಯಂತೆ ಹನ್ನೆರಡು ಲಕ್ಷ, ತಿಂಗಳಿಗೆ ಐವತ್ತು ಸಾವಿರದ ಇಪ್ಪತ್ತನಾಲ್ಕು ಕಂತು. ಹದಿನಾಲ್ಕು ಕಂತು ತಪ್ಪದೆ ಕಟ್ಟಿದ. ಹದಿನೈದನೆಯದೂ ಹದಿನಾರನೆಯದೂ ತಪ್ಪಿದವು. ರಾಜಿ ರದ್ದುಮಾಡಿ ಇವನನ್ನು ಪೂರಾ ದಿವಾಳಿ ಎಂದು ಘೋಷಿಸಿ ಎಂದು ಅವರು ಹಾಕಿದ ಅರ್ಜಿ ಸೋಮವಾರ ವಿಚಾರಣೆಗೆ ಬರಲಿತ್ತು. ಇವತ್ತು ಶುಕ್ರವಾರ.

"ನೋಡ್ರಿ," ಭಾನುಪ್ರಕಾಶ ಕನ್ನಡಕ ತೆಗೆದಿಟ್ಟರು. "ರಾಜಿ ನಡೆಯೋ ತನಕ ಅದು ಬ್ಯಾರೆ, ಇದು ಬ್ಯಾರೆ. ಹಳೇ ಸಾಲ ಕಂತಿನಾಗ, ಹೊಸಾದು ನಿಮ್ಮ ನಿಮ್ಮಾಗ. ರಾಜಿ ಮುರಿದು ಪೂರಾ ದಿವಾಳಿ ಅಂತ ಆರ್ಡರ್ ಆತಂದ್ರ, ಆ ದಿನದ ತನಕ ಮಾಡಿದ ಸಾಲೆಲ್ಲಾ ಒಂದೇ ಚೀಲಕ್ಕ ಬೀಳ್ತಾವ. ನಿನ್ನೆ ಮಾಡಿದ್ದಾದ್ರೂ ಸೈ. ಗೋದಾಮು ಮಾರಿ ಬಂದ ರೊಕ್ಕ ಎಲ್ಲಾರಿಗೂ ಒಂದೇ ದರದಾಗ ಹಂಚತಾರ."

"ನಾ ಹೆಸರು ಬರಸಲಿಲ್ಲಂದ್ರ?"

"ಬರಸದಿದ್ರ ಸಾಲ ಉಳೀತದ ಅನ್ಕೊಂಡೀರೇನು? ನಿಮಗ ಸಾಲದಿಂದ ಬಿಡುಗಡೆ ಸಿಕ್ಕ ದಿನ ಅದೂ ಹೋತು. ಪಟ್ಟಿನಾಗ ಇದ್ದವಗ ಪಾಲು ಬರ್ತದ, ಇಲ್ಲದವಗ ಕೈಯಾಡಿಸಿ ಕಳಸ್ತಾರ. ಫರಕು ಅಷ್ಟ. ಮ್ಯಾಲ ನೀವು ಖೋಟಾ ಪಟ್ಟಿ ಕೊಟ್ಟಂಗ ಆಗ್ತದ."

"ಕಾಯಿದೆನಾಗ ಹೋದ್ರ ಹೋಗ್ಲಿ. ನನ್ನ ಮಾತು ಇರ್ತದಲ್ರಿ. ನಾ ಕೊಟ್ಟೇ ಕೊಡ್ತೀನಿ."

"ಯಾವುದರಾಗಿಂದ?" ವಕೀಲರು ಬಯ್ಯಲಿಲ್ಲ, ನಿಜವಾಗಿ ಕೇಳಿದರು. ಶೇಖರ್ ಮತ್ತೆ ಪೇಪರ್‌ವೇಟ್ ನೋಡಿದ.

ಏಳುವಾಗ ಅವರು ಇನ್ನೊಂದು ಮಾತು ಹೇಳಿದರು. "ಸೋಮವಾರ ಹತ್ತೂವರಿ ಒಳಗ ಎರಡು ಕಂತು, ಒಂದು ಲಕ್ಷ ಕಟ್ಟಿದ್ರ ರಾಜಿ ಉಳಿಸ್ರಿ ಅಂತ ಕೇಳ್ಕೋಬಹುದು. ಆದ್ರ ಆ ಲಕ್ಷಕ್ಕ ಮತ್ತ ಯಾರ ಹತ್ರಾದ್ರೂ ಕೈಯೊಡ್ಡಿದ್ರ ಅದೂ ಸೋಮವಾರದ ಒಳಗಿನ ಸಾಲನ. ಟೀಚರಮ್ಮ, ನಿಮಗ ತಿಳೀತಲ್ಲ?"

ರಜಿತಾಗೆ ತಿಳಿದಿತ್ತು. ಜೂರಾಲ ಅಣೆಕಟ್ಟು ದಾಟಿ ಬೈಕು ಮಕ್ತಲ್ ಮುಟ್ಟುವವರೆಗೂ ಅವಳು ಲೆಕ್ಕ ಹಾಕುತ್ತಲೇ ಇದ್ದಳು.

ಮಕ್ತಲ್‌ನ ಒಂದು ಖಾಸಗಿ ಶಾಲೆಯಲ್ಲಿ ಅವಳು ಜೀವಶಾಸ್ತ್ರ ಕಲಿಸುತ್ತಿದ್ದಳು. ಯಾವುದನ್ನೇ ಆಗಲಿ ಬರೆದಿಡುವುದು ನಾರಾಯಣಪೇಟೆಯ ಕಾಲೇಜಿನ ಪ್ರಯೋಗಶಾಲೆಯಿಂದ ಅಂಟಿಬಂದ ಅಭ್ಯಾಸ. ಕಾರ್ತೀಕದಲ್ಲಿ ಟಗರುಗಳಿಗೆ ನೀಲಿ ನಾಲಿಗೆ ರೋಗ ತಗುಲಿದಾಗಲೂ ಬರೆದಿಟ್ಟಿದ್ದಳು: ಯಾವ ದಿನ ಎಷ್ಟಕ್ಕೆ ಜ್ವರ, ಯಾವುದು ಮೇವು ಬಿಟ್ಟಿತು, ಯಾವುದು ಸತ್ತಿತು. ಹನ್ನೊಂದು ದಿನದಲ್ಲಿ ಇಪ್ಪತ್ತೇಳು. ಉಳಿದವು ಸಿಕ್ಕ ದರಕ್ಕೆ ಹೋಗಿ ಕಂತಿಗೇ ಮುಗಿದಿದ್ದವು. ಸಂಕ್ರಾಂತಿಗೆ ಕೊಬ್ಬಿಸಿ ಮಾರಬೇಕೆಂದು ಅಣ್ಣನಿಂದ ತಂದ ಟಗರುಗಳು ಅವು. ತರೋಣ ಎಂದವಳೂ ಅವಳೇ. ದಸರೆಯಲ್ಲಿ ನಾರ್ವಕ್ಕೆ ಹೋಗಿ ಅಣ್ಣನ ಮುಂದೆ ಕುಳಿತು, "ಗದ್ವಾಲದ ಲೆಕ್ಕ ಮುಗೀತಣ್ಣ, ಈಗ ಹೊಸದಾಗಿ ಶುರು ಮಾಡಬೇಕು," ಎಂದು ಹೇಳಿದ್ದಳು. ಕೋರ್ಟಿನ ಕಂತುಗಳ ಸುದ್ದಿ ಎತ್ತಿರಲಿಲ್ಲ. ಸುಳ್ಳಲ್ಲ, ಪೂರ್ತಿ ಹೇಳದ ಸತ್ಯ ಎಂದು ಅಂದು ತನಗೆ ತಾನೇ ಹೇಳಿಕೊಂಡಿದ್ದಳು. ಈಗ ಆ ವ್ಯತ್ಯಾಸ ಅವಳಿಗೆ ಕಾಣುತ್ತಿರಲಿಲ್ಲ.

ಲೆಕ್ಕ ಸರಳವಾಗಿತ್ತು. ರಾಜಿ ರದ್ದಾದರೆ ಮೂವತ್ತು ಲಕ್ಷದ ಹಳೆಯ ಸಾಲ ಮತ್ತೆ ಜೀವ ಪಡೆಯುತ್ತದೆ. ಕಟ್ಟಿದ ಏಳು ಲಕ್ಷ ಕಳೆದರೆ ಇಪ್ಪತ್ಮೂರು. ಅಣ್ಣನದು ಸೇರಿ ಇಪ್ಪತ್ತೈದು ಲಕ್ಷ ಅರವತ್ತು ಸಾವಿರ. ಗೋದಾಮಿಗೆ ನಾಲ್ಕು ಲಕ್ಷ ಅರವತ್ತು ಸಾವಿರ ಬರಬಹುದು. ರೂಪಾಯಿಗೆ ಹದಿನೆಂಟು ಪೈಸೆ. ಅಣ್ಣನ ಪಾಲಿಗೆ ಹೆಚ್ಚುಕಡಿಮೆ ನಲವತ್ತೇಳು ಸಾವಿರ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸೊನ್ನೆ.

ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದಾಗ ಶೇಖರ್ ಅಂಗಳ ಗುಡಿಸುತ್ತಿದ್ದ. ಎರಡು ತಿಂಗಳಿಂದ ಕಾಣದ ಲವಲವಿಕೆ ಅವನ ಮೈಯಲ್ಲಿತ್ತು.

"ಬಾವ ಫೋನ್ ಮಾಡಿದ್ದ. ಕಂತಿನ ಸುದ್ದಿ ಅವಗ ಗೊತ್ತಿಲ್ಲ. ಟಗರು ಸತ್ತು ಕೈ ಕಟ್ಟೈತಿ ಅಂತ ಮಾತ್ರ ಯಾರೋ ಸಂತ್ಯಾಗ ಹೇಳ್ಯಾರ. ನಾಳೆ ಹನ್ನೆರಡು ಟಗರು ತರ್ತಾನ. ಒಂದೊಂದು ಒಂಬತ್ತು ಸಾವಿರಕ್ಕ ಹೋಗ್ತಾವ. ದಲ್ಲಾಳಿ ಸುರೇಂದರ್‌ಗ ಹೇಳೀನಿ, ಸಂಜಿಗೆ ರೊಕ್ಕ ತಂದು ಕೈಯಾಗ ಇಡ್ತಾನ."

"ನೀವು ಹೂಂ ಅಂದ್ರೇನು?"

"ಮತ್ತೇನನ್ಲಿ? ಲಕ್ಷ ಕಟ್ಟಿದ್ರ ರಾಜಿ ಉಳೀತದ. ರಾಜಿ ಉಳಿದ್ರ ಬಾವನ ಹಳೇ ಸಾಲಾನೂ ಉಳೀತದ. ಅವನ ಟಗರು ಅವನ್ನ ಉಳಿಸ್ತಾವ."

"ಮುಂದಿನ ತಿಂಗಳ ಕಂತು?"

"ಮುಂದಿನ ತಿಂಗಳು ನೋಡೂಣು."

ರಜಿತಾ ಚೀಲದಿಂದ ನೋಟುಬುಕ್ಕು ತೆಗೆದು ಅವನ ಮುಂದಿಟ್ಟಳು. ಮನೆಖರ್ಚು ಕಳೆದು ತಿಂಗಳಿಗೆ ಉಳಿಯುವುದು ಇಪ್ಪತ್ತೆರಡು ಸಾವಿರ. ಕಂತು ಐವತ್ತು. "ನಾಳೆ ಉಳಿಸಿದ್ರೂ ಮುಂದಿನ ತಿಂಗಳು ಮುರೀತದ. ಮುರಿದ ದಿನ ಎರಡು ಅರವತ್ತರ ಜೋಡಿ ಈ ಒಂದು ಲಕ್ಷ ಎಂಟು ಸಾವಿರಾನೂ ಅದೇ ಚೀಲಕ್ಕ. ಅಣ್ಣನ ಟಗರು ಮಾರಿ ಗದ್ವಾಲದ ಸಾವಕಾರ್‌ಗೆ ಕೊಟ್ಟಂಗಾತು."

"ನಿನ್ನ ಲೆಕ್ಕಕ್ಕ ನನ್ನ ಮರ್ಯಾದಿ ಹಿಡಿಸಂಗಿಲ್ಲ," ಎಂದು ಶೇಖರ್ ಪೊರಕೆ ಎತ್ತಿಕೊಂಡ. "ನಾಳೆ ನೀ ಸುಮ್ಮನಿರು. ನಿನ್ನ ಕೈಮುಗೀತೀನಿ."

ಭಾನುವಾರ ಎಂಟು ಗಂಟೆಗೆಲ್ಲ ಟೆಂಪೊ ಬಂತು. ಡ್ರೈವರ್ ಪಕ್ಕದಿಂದ ಮೊದಲು ಇಳಿದವಳು ಅತ್ತಿಗೆ ಮೈಲಮ್ಮ, ಮಡಿಲಲ್ಲಿ ಜೋಳದ ರೊಟ್ಟಿಯ ಗಂಟು. ಹಿಂದಿನಿಂದ ಟಗರುಗಳ ನಡುವೆಯೇ ನಿಂತು ಬಂದ ಬೀರಯ್ಯ, ಹಣೆಯ ಭಂಡಾರ ಬೆವರಿಗೆ ಮೂಗಿನವರೆಗೂ ಇಳಿದಿತ್ತು.

"ಏನವ್ವಾ, ಹುಡುಗರಿಗೆ ಹೊಡದು ಹೊಡದು ನಿನ್ನ ಮಾರಿ ಹಿಂಗ ಸೊರಗ್ಯಾದೇನು?" ಎಂದ ಅವನು ತಂಗಿಗೆ.

"ಈಗ ಹೊಡಿಯಂಗಿಲ್ಲಣ್ಣ. ಕೇಸ್ ಹಾಕ್ತಾರ."

"ಮತ್ತ ಅದಕ್ಕ ಸೊರಗೀ ಬಿಡು," ಎಂದು ನಕ್ಕ. ರಜಿತಾಗೆ ನಗು ಬರಲಿಲ್ಲ.

ಹನ್ನೆರಡು ಟಗರುಗಳು ಇಳಿದವು. ತುಂಬಿದ ಮೈ, ಎಣ್ಣೆ ಹಚ್ಚಿದ ಕೋಡು. ಮೂರು ನಾಲ್ಕು ವರ್ಷ ಕೈತುತ್ತು ತಿನ್ನಿಸಿ ಬೆಳೆಸಿದವು, ಮಾರಲೆಂದು ಸಾಕಿದವಲ್ಲ ಎಂಬುದು ಕುರಿಯವರ ಮನೆಯಲ್ಲಿ ಹುಟ್ಟಿದವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಚಹಾ ಆದ ಮೇಲೆ ಬೀರಯ್ಯ ಕಟ್ಟೆಯ ಮೇಲೆ ಕುಳಿತು ಹೆಗಲ ಟವೆಲನ್ನು ಬಲಗೈ ಮೇಲೆ ಹಾಸಿದ. ಟವೆಲಿನಡಿ ಬೆರಳು ಹಿಡಿದು ದರ ಮಾಡುವುದು ಸಂತೆಯ ಪದ್ಧತಿ. ಬೀರಯ್ಯ ನೆಂಟರೊಡನೆಯೂ ಹಾಗೆಯೇ ಮಾಡುತ್ತಿದ್ದ. ದರವನ್ನು ಬಾಯಿಬಿಟ್ಟು ಹೇಳಿದರೆ ಹಟ್ಟಿಯಲ್ಲಿ ಉಳಿದವಕ್ಕೆ ಕಣ್ಣಾಗುತ್ತದೆ ಎಂಬುದು ಅವನ ನಂಬಿಕೆ.

"ಬಾ ಶೇಖರಪ್ಪ. ಹಳೇದು ಹಂಗ ಇರ್ಲಿ. ಇವನ್ನ ಮಾರಿ ಕಾಲೂರು. ಎರಡೂ ಕೂಡೇ ಕೊಡುವಂತಿ."

ಶೇಖರ್ ಮುಂದೆ ಕುಳಿತು ಟವೆಲಿನಡಿ ಕೈ ತೂರಿಸಿದ. ಬಟ್ಟೆಯ ಕೆಳಗೆ ಬೆರಳುಗಳು ಅಲುಗಾಡುವುದು ಕಾಣುತ್ತಿತ್ತು. ಇನ್ನೊಂದು ಗಳಿಗೆ ಕಳೆದರೆ ದರ ಮುಗಿಯುತ್ತದೆ, ಬೀರಯ್ಯ ಕುಲದೇವರು ಬೀರಪ್ಪನ ಭಂಡಾರ ಕೊಡುತ್ತಾನೆ, ಶೇಖರ್ ಹಣೆಗೆ ಹಚ್ಚಿಕೊಳ್ಳುತ್ತಾನೆ. ಸಾಲ ಹುಟ್ಟಿತು.

ರಜಿತಾ ಟವೆಲನ್ನು ಎಳೆದುಬಿಟ್ಟಳು.

ಇಬ್ಬರು ಗಂಡಸರ ಕೈಗಳು ಬಯಲಿಗೆ ಬಿದ್ದವು, ಬೆರಳಲ್ಲಿ ಬೆರಳು. ಟೆಂಪೊ ಡ್ರೈವರ್ ಬೇರೆ ಕಡೆ ನೋಡಿದ.

"ರಜಿತಾ!" ಮೈಲಮ್ಮ ಎದ್ದು ನಿಂತಳು. "ತಲಿ ನೆಟ್ಟಗೈತೇನು ನಿನಗ?"

"ಅಣ್ಣಾ, ಕೊಡಬ್ಯಾಡ. ಇವು ನಮಗ ಉಳಿಯಂಗಿಲ್ಲ, ನಿನಗೂ ಉಳಿಯಂಗಿಲ್ಲ," ಎಂದು ರಜಿತಾ ಶುರುಮಾಡಿದಳು. ಐ.ಪಿ., ರಾಜಿ, ಹದಿನಾಲ್ಕು ಕಂತು, ನಾಳೆಯ ವಿಚಾರಣೆ, ಒಂದೇ ಚೀಲ. ತರಗತಿಯಲ್ಲಿ ಹೇಳುವಂತೆ ಒಂದಾದ ಮೇಲೆ ಒಂದು, ಯಾವುದನ್ನೂ ಬಿಡದೆ.

ಬೀರಯ್ಯ ಪೂರ್ತಿ ಕೇಳಿದ. ಆಮೇಲೆ ಒಂದೇ ಪ್ರಶ್ನೆ ಕೇಳಿದ. "ದಸರಾದಾಗ ನೀ ನನ್ನ ಮನಿಗೆ ಬಂದಾಗ ಇದೆಲ್ಲಾ ಇತ್ತೇನು?"

"ಇತ್ತಣ್ಣ."

"ಗೊತ್ತಿದ್ದೂ ಲೆಕ್ಕ ಮುಗೀತು ಅಂದಿ."

"ಹೂಂ."

ಅವನು ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. ಡ್ರೈವರ್ ಕಡೆ ತಿರುಗಿ, "ಹತ್ತಿಸಪ್ಪಾ ಮಹೇಂದರ್," ಎಂದ. ಟಗರುಗಳನ್ನು ಒಂದೊಂದಾಗಿ ಕೋಡು ಹಿಡಿದು ಅವನೇ ಎತ್ತಿದ. ಸಹಾಯಕ್ಕೆ ಬಂದ ಶೇಖರನ ಕೈಯನ್ನು ಮೊಣಕೈಯಿಂದ ಸರಿಸಿದ. ಶೇಖರ್ ಅಲ್ಲೇ ನಿಂತು, "ಬಾವ, ನಿನ್ನ ಹೆಸರು ಆ ಪಟ್ಟ್ಯಾಗ ಹಾಕಂಗಿಲ್ಲ. ನಿನ್ನ ಮರ್ಯಾದಿ ಕಳಿಯಂಗಿಲ್ಲ," ಎಂದ.

"ಹಾಕಬ್ಯಾಡ. ಭಂಡಾರ ಮುಟ್ಟಿ ಕೊಟ್ಟಿದ್ದು ಕೋರ್ಟಿಗ್ಯಾಕ ಹೋಗ್ತದ? ಬೀರಪ್ಪ ನೋಡ್ಕೊಂತಾನ."

"ಬೀರಪ್ಪ ಅಖಿಲಾನ ಫೀಜು ಕಟ್ತಾನೇನು?" ಎಂದಳು ಮೈಲಮ್ಮ. ಮಗಳು ಅಖಿಲಾ ನಾರಾಯಣಪೇಟೆಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಫೀಜು, ಹಾಸ್ಟೆಲು ಸೇರಿ ನಲವತ್ತೈದು ಸಾವಿರ ತಿಂಗಳ ಕೊನೆಗೆ ಕಟ್ಟಬೇಕಿತ್ತು. ಈ ಎರಡು ಲಕ್ಷ ಅರವತ್ತು ಸಾವಿರದ ಮೇಲೆ ಕಣ್ಣಿಟ್ಟೇ ಅವರು ಸಂಕ್ರಾಂತಿವರೆಗೆ ಕಾಯ್ದಿದ್ದರು. "ಈಗೇನು, ಇವುಗಳಾಗ ಐದು ಟಗರು ಮಾರಿ ಕಟ್ಟೂಣು. ಮುಂದಿನ ವರ್ಷ? ರಜಿತಾ, ಪಟ್ಟ್ಯಾಗ ಹೆಸರಿದ್ರ ಎಷ್ಟು ಬರ್ತದ ಅಂದಿ?"

"ನಲವತ್ತೇಳು ಸಾವಿರದ ಹತ್ರ. ಖರ್ಚು ಗಿರ್ಚು ಹಿಡದು ಸ್ವಲ್ಪ ಕಮ್ಮಿ ಆಗಬಹುದು. ಗೋದಾಮು ಹರಾಜಾದ ಮ್ಯಾಲ."

"ಇಲ್ಲದಿದ್ರ?"

"ಏನೂ ಇಲ್ಲತ್ತಿಗಿ. ನಮ್ಮ ಹತ್ರ ಕಾಗದಿಲ್ಲ, ನೋಟಿಲ್ಲ. ಆ ಪಟ್ಟ್ಯಾಗ ಇವರು ಬರದು ಕೊಡೋದ ಅಣ್ಣಗ ಇರೋ ಒಂದೇ ಕಾಗದ."

ಮೈಲಮ್ಮ ಗಂಡನ ಕಡೆ ನೋಡಲೂ ಇಲ್ಲ. "ಹಂಗಾದ್ರ ಬರೀರಿ. ನಾಳೆ ಎಷ್ಟೊತ್ತಿಗೆ ಬರಬೇಕು?"

ಸೋಮವಾರ ಬೆಳಿಗ್ಗೆ ಗದ್ವಾಲದ ಬಸ್ ಸ್ಟ್ಯಾಂಡಿನಲ್ಲಿ ಬೈಕು ನಿಲ್ಲಿಸುವಾಗ ಶೇಖರ್ ಮೆಲ್ಲಗೆ ಹೇಳಿದ. "ಮೂರೂವರಿ ಲಕ್ಷ ಅಂತ ಬರಸಿದ್ರ? ಕೊಟ್ಟವ ಬಾವ, ತಗೊಂಡವ ನಾನು. ಯಾರು ಕೇಳ್ತಾರ? ಅವನ ಪಾಲು ಹೆಚ್ಚಾಗ್ತದ."

"ಒಂದು ರೂಪಾಯಿ ಹೆಚ್ಚಾದ್ರ ಅವನ ಎರಡು ಅರವತ್ತೂ ಖೋಟಾ ಆಗ್ತದ."

ಶೇಖರ್ ವಕೀಲರ ಕೋಣೆಯ ಕಡೆ ನಡೆದ. ನಾರ್ವದ ಕಡೆಯ ಬಸ್ಸು ತಡವಾಗಿತ್ತು. ರಜಿತಾ ಅಣ್ಣ, ಅತ್ತಿಗೆಯನ್ನು ಕರೆದುಕೊಂಡು ಕೋರ್ಟ್ ಮುಟ್ಟುವಷ್ಟರಲ್ಲಿ ಪಟ್ಟಿ ಟೈಪಾಗಿ ಒಳಗೆ ಹೋಗಿಬಿಟ್ಟಿತ್ತು. ಗಂಡ ಯಾವ ಅಂಕಿ ಹೇಳಿದ್ದಾನೋ ಅವಳು ನೋಡಿರಲಿಲ್ಲ.

ಸಾಲ ಕೊಟ್ಟವರ ವಕೀಲರು ಎದ್ದು ನಿಂತದ್ದೇ ಆ ಹೊಸ ಸಾಲದ ಮೇಲೆ ಬೆರಳಿಟ್ಟರು. ಕೊಟ್ಟವನು ಹೆಂಡತಿಯ ಅಣ್ಣ. ಪ್ರಾಮಿಸರಿ ನೋಟಿಲ್ಲ, ಸಾಕ್ಷಿಯಿಲ್ಲ. ದಿವಾಳಿಯಾಗುವ ಮುನ್ನಾದಿನ ಹುಟ್ಟಿದ ನೆಂಟರ ಸಾಲ, ನಮ್ಮ ಪಾಲು ಕಡಿಯಲು ಮಾಡಿದ ಉಪಾಯ ಎಂದು ತೆಲುಗಿನಲ್ಲಿ ವಾದಿಸಿದರು. ಹೊರಗಿನಿಂದ ಕೇಳಿದರೆ ಅದು ಹಾಗೇ ಕಾಣುತ್ತದೆ ಎಂದು ರಜಿತಾಗೂ ಅನ್ನಿಸಿತು. ನ್ಯಾಯಾಧೀಶೆ ಬೀರಯ್ಯನನ್ನು ಹೊರಗೆ ಕಳಿಸಿದರು. ಶೇಖರನನ್ನು ಕಟಕಟೆಗೆ ಕರೆದರು.

"ಎಷ್ಟು ಟಗರು ಬಂದವು?"

"ನಲವತ್ತೆರಡು."

"ಕೊಡಬೇಕಾದದ್ದು?"

ಶೇಖರ್ ಬಾಗಿಲ ಕಡೆ ನೋಡಿದ.

"ಎರಡು ಲಕ್ಷ ಅರವತ್ತು ಸಾವಿರ."

ಅವನನ್ನು ಇನ್ನೊಂದು ಬಾಗಿಲಿನಿಂದ ಹೊರಗೆ ಕಳಿಸಿ ಬೀರಯ್ಯನನ್ನು ಕರೆಸಿದರು. ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಎಷ್ಟು ಟಗರು ಮಾರಿದೆ, ಎಷ್ಟಕ್ಕೆ ಎಂದು ಅವರು ಕೇಳಿದರು. ಬೀರಯ್ಯ ಸುತ್ತ ಕುಳಿತವರನ್ನೆಲ್ಲ ಒಮ್ಮೆ ನೋಡಿದ. ಬಾಯಿಬಿಟ್ಟು ದರ ಹೇಳುವುದು ಅವನಿಗೆ ಮೈಮೇಲಿನ ಅಂಗಿ ಬಿಚ್ಚಿದಷ್ಟು ಕಷ್ಟವಾಯಿತು.

"ನಲವತ್ತು. ಒಂದಕ್ಕ ಆರೂವರಿ ಸಾವಿರ."

ಎದುರು ವಕೀಲರು ಕುರ್ಚಿಯಿಂದ ನೆಗೆದೇ ಎದ್ದರು. ಒಬ್ಬ ನಲವತ್ತೆರಡು ಅಂದ, ಇನ್ನೊಬ್ಬ ನಲವತ್ತು. ಸುಳ್ಳನ್ನು ಸರಿಯಾಗಿ ಪಾಠ ಮಾಡಿಕೊಂಡೂ ಬಂದಿಲ್ಲ! ರಜಿತಾ ಬೆಂಚಿನ ಅಂಚು ಹಿಡಿದಳು. ಎಲ್ಲವನ್ನೂ ಬರೆದಿಟ್ಟವಳು ಇದೊಂದನ್ನು ವಕೀಲರಿಗೆ ಹೇಳಿರಲಿಲ್ಲ. ಹೇಳಬೇಕಾದ ಸಂಗತಿ ಎಂದೇ ಹೊಳೆದಿರಲಿಲ್ಲ. ಎದ್ದು ಕೂಗಬೇಕೆನಿಸಿತು. ಭಾನುಪ್ರಕಾಶ ಹಿಂತಿರುಗಿ ನೋಡಿ ಅಂಗೈಯಿಂದ ಕೂರು ಎಂದು ಸನ್ನೆ ಮಾಡಿದರು.

"ನಲವತ್ತೆರಡು ಬಂದವು ಅಂತಾರಲ್ಲ ನಿಮ್ಮ ಬಾವ?" ಎಂದರು ನ್ಯಾಯಾಧೀಶೆ.

"ಬಂದಿರಬೇಕಲ್ರಿ. ಮಾರಿದ್ದು ನಲವತ್ತು."

"ಮಿಕ್ಕ ಎರಡು?"

"ಅವು ಕೊಸರು ರೀ." ಇಷ್ಟೂ ತಿಳಿಯದವರಿಗೆ ಹೇಗೆ ಹೇಳುವುದೆಂಬಂತೆ ಬೀರಯ್ಯ ಅವರನ್ನೇ ನೋಡಿದ. ಬಾಗಿಲಲ್ಲಿದ್ದ ಜವಾನ ನಕ್ಕುಬಿಟ್ಟು ಬಾಯಿಗೆ ಕೈ ಇಟ್ಟುಕೊಂಡ.

ನ್ಯಾಯಾಧೀಶೆ ಶೇಖರನನ್ನು ಮತ್ತೆ ಒಳಗೆ ಕರೆಸಿದರು. ಏನು ನಡೆದಿತ್ತೆಂದು ಅವನಿಗೆ ಗೊತ್ತಿರಲಿಲ್ಲ. "ನಲವತ್ತೆರಡಕ್ಕೂ ದುಡ್ಡು ಕೊಡಬೇಕಾ?" ಎಂದು ಮಾತ್ರ ಕೇಳಿದರು.

"ಇಲ್ಲಮ್ಮ, ನಲವತ್ತಕ್ಕ. ಇಪ್ಪತ್ತಕ್ಕೊಂದು ಕೊಸರು ಇರ್ತದಲ್ರಿ. ಅದಕ್ಕ ಯಾರು ರೊಕ್ಕ ತಗೊಂತಾರ?"

ಅವರು ಕಾಗದದಂಚಿನಲ್ಲಿ ನಲವತ್ತನ್ನು ಆರೂವರೆ ಸಾವಿರದಿಂದ ಗುಣಿಸಿದರು. ಪಾಠ ಮಾಡಿಕೊಂಡು ಬಂದವರಾಗಿದ್ದರೆ ಇಬ್ಬರೂ ಒಂದೇ ಸಂಖ್ಯೆ ಹೇಳುತ್ತಿದ್ದರು ಎಂದು ಎದುರು ವಕೀಲರಿಗೆ ಹೇಳಿ, ಆದೇಶ ಬರೆಸತೊಡಗಿದರು. ರಾಜಿ ರದ್ದು. ಶೇಖರ್ ಇಂದಿನಿಂದ ಮತ್ತೆ ದಿವಾಳಿ. ಬೀರಯ್ಯನ ಎರಡು ಲಕ್ಷ ಅರವತ್ತು ಸಾವಿರ ಉಳಿದವುಗಳ ಜೊತೆ ಪಟ್ಟಿಯಲ್ಲಿ.

ಹೊರಗೆ ಬೇವಿನ ಮರದ ಕೆಳಗೆ ಭಾನುಪ್ರಕಾಶ ಶೇಖರನಿಗೆ ಮುಂದಿನ ನಿಯಮಗಳನ್ನು ಹೇಳುತ್ತಿದ್ದರು. ಗೋದಾಮಿನ ಕೀಲಿಯನ್ನು ಕೋರ್ಟು ನೇಮಿಸಿದವರಿಗೆ ಒಪ್ಪಿಸಬೇಕು. "ಇನ್ನ ಬಿಡುಗಡೆ ಆಗೋ ತನಕ, ನಾ ದಿವಾಳಿ ಅದೀನಿ ಅಂತ ಹೇಳದೇ ಐವತ್ತು ರೂಪಾಯಿ ಉದ್ದರಿ ತಗೊಂಡ್ರೂ ಗುನ್ನೆ. ನೂರು ವರ್ಷದ ಹಿಂದಿನ ಕಾಯಿದೆ ರೀ, ಆಗಿನ ಐವತ್ತು ಈಗಲೂ ಐವತ್ತು."

ಪಕ್ಕದ ಡಬ್ಬಿ ಅಂಗಡಿಯಿಂದ ಮೈಲಮ್ಮ ನಾಲ್ಕು ಚಹಾ ತಂದಳು. ಶೇಖರ್ ಬೇಡವೆಂದು ಕೈಯಾಡಿಸಿದ.

"ಕುಡಿ. ನಾಕೂ ಸೇರಿ ನಲವತ್ತೇ ರೂಪಾಯಿ. ಗುನ್ನೆ ಆಗಂಗಿಲ್ಲ," ಎಂದಳು ಮೈಲಮ್ಮ. ವಕೀಲರು ಜೋರಾಗಿ ನಕ್ಕರು. ಶೇಖರ್ ಲೋಟ ತಗೊಂಡ. ಒಂದು ಗುಟುಕು ಕುಡಿದು ಮರದ ಆಚೆ ಬದಿಗೆ ಹೋಗಿ ನಿಂತ.

ಬೀರಯ್ಯ ಅವನ ಕಡೆ ಹೋಗಲಿಲ್ಲ. ಲೋಟ ಖಾಲಿ ಮಾಡಿ, ತೊಳೆದು, ಅಂಗಡಿಯ ಹಲಗೆಯ ಮೇಲೆ ಇಟ್ಟ. ಬಸ್ಸಿನ ಹೊತ್ತಾಗಿತ್ತು. ರಜಿತಾ ಅವನ ಜೊತೆ ಗೇಟಿನವರೆಗೆ ನಡೆದಳು. ಏನಾದರೂ ಬಯ್ಯಲಿ ಎಂದು ಕಾದಳು.

"ನಿನ್ನೆ ಟವೆಲ್ ಎಳದಿ," ಎಂದ ಬೀರಯ್ಯ, ರಸ್ತೆ ನೋಡುತ್ತ. "ಎಳೀದಿದ್ರ ಹನ್ನೆರಡೂ ಹೋಗ್ತಿದ್ದವು. ಅದು ಗೊತ್ತಾತು ನನಗ."

"ಅಣ್ಣಾ..."

"ದಸರಾದಾಗ ಎಳೀಬೇಕಿತ್ತವ್ವ."

ಬಸ್ಸು ಬಂತು. ಮೈಲಮ್ಮ ಮೊದಲು ಹತ್ತಿ ಸೀಟು ಹಿಡಿದಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಬೀರಯ್ಯ ತಿರುಗಿದ. "ಬೀರಪ್ಪನ ಹಬ್ಬಕ್ಕ ಬಾ. ಈ ಸಲ ನೀ ಒಬ್ಬಾಕಿನ ಬಾ."

ಕಂಡಕ್ಟರ್ ಸೀಟಿ ಊದಿದ. ರಜಿತಾ ತಿರುಗಿದಾಗ ಶೇಖರ್ ಗೇಟಿನ ಒಳಗೇ ನಿಂತಿದ್ದ. ಬಸ್ಸಿನ ಕಡೆ ಎತ್ತಿದ್ದ ಕೈಯನ್ನು ಇನ್ನೂ ಇಳಿಸಿರಲಿಲ್ಲ.